ಮೊದಲ ಬಂದೂಕು: ಕೊಳ್ಳುವುದೇ, ಮಾಡಿಸುವುದೇ?

ಕಳೆದ ಮಾಗಿಯಲ್ಲಿ ನಮ್ಮ ಸಂಘದ ಇಪ್ಪತ್ತೆರಡು ಮಂದಿ ಸದಸ್ಯರು ವಿಜಯಪುರ ಜಿಲ್ಲೆಗೆ ಅಧ್ಯಯನ ಪ್ರವಾಸ ಹೋಗಿಬಂದ ವಿಷಯ ಸದಸ್ಯ ಬಾಂಧವರಿಗೆ ತಿಳಿದದ್ದೇ. ಇಂಡಿಯ ಲಿಂಬೆ ತೋಟಗಳು, ಸಿಂದಗಿಯ ತೊಗರಿ, ಬಸವನ ಬಾಗೇವಾಡಿಯ ಕಡೆಯ ದ್ರಾಕ್ಷಿ, ಮುದ್ದೇಬಿಹಾಳದಲ್ಲಿ ಕಾಲುವೆಯ ನೀರು ಬಂದಮೇಲೆ ಬದಲಾದ ಬೇಸಾಯ, ಇವುಗಳ ವರದಿ ಹಿಂದಿನ ಸಂಚಿಕೆಯಲ್ಲಿ ಬಂದಿದೆ. ಆ ವರದಿಯಲ್ಲಿ ಸೇರದೆ ಉಳಿದ ಒಂದು ವಿಷಯವನ್ನು ಈಗ ಪಾಠದ ರೂಪದಲ್ಲಿ ಬರೆಯುತ್ತಿದ್ದೇವೆ. ಅದು ಬಂದೂಕಿನ ವಿಷಯ.

ಇಂಡಿಯಲ್ಲಿ ಲಿಂಬೆ ಬೆಳೆಗಾರರು ನಮಗೆಂದು ಸಭೆ ಸೇರಿಸಿದ್ದರು. ಸಹಕಾರಿ ಮಾರಾಟದ ಬಗ್ಗೆ ನಾವು ಮುಕ್ಕಾಲು ಗಂಟೆ ಮಾತನಾಡಿದೆವು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು, "ಸಾಹೇಬ್ರ, ನಿಮ್ಮ ಕಡೆ ಮನಿಗೊಂದು ಬಂದೂಕ್ ಇರ್ತಾವಂತಲ್ರಿ? ನಮಗೂ ಒಂದು ಬೇಕಾಗೇತಿ. ಯಾವುದು ತಗೋಬೇಕು ಹೇಳ್ರಿ" ಎಂದರು. ಸಭೆ ನಕ್ಕಿತು. ಆದರೆ ನಕ್ಕವರೆಲ್ಲ ಉತ್ತರಕ್ಕಾಗಿ ಕಾದೂ ಇದ್ದರು. ಕಬ್ಬು ಹೆಚ್ಚಿದಂತೆ ಹಂದಿ ಹೆಚ್ಚಿದೆ, ಹಗಲು ಕಬ್ಬಿನಲ್ಲಿ ಅಡಗಿ ರಾತ್ರಿ ಜೋಳ, ಶೇಂಗಾ, ಗೋವಿನಜೋಳಕ್ಕೆ ಇಳಿಯುತ್ತವೆ ಎಂದು ನಾಲ್ಕೂ ತಾಲ್ಲೂಕುಗಳಲ್ಲಿ ಕೇಳಿದೆವು. ನಮ್ಮ ಗದ್ದೆಯ ಕಥೆಯೇ ಅಲ್ಲಿಯ ಎರಿ ಹೊಲದಲ್ಲಿ ನಡೆಯುತ್ತಿದೆ ಎನ್ನಿಸಿತು.

ಮೂರನೆಯ ದಿನ ಮುದ್ದೇಬಿಹಾಳ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬಂತು. ಕೇಳಿದವನು ಇಪ್ಪತ್ತೈದರ ಹುಡುಗ, ಐ.ಟಿ.ಐ. ಓದಿದವನು, ಲೇತ್ ಕೆಲಸ ಬಲ್ಲವನು. ಅವನಿಗೆ ಬೇಕಾಗಿದ್ದುದು ನಮ್ಮ ಕಡೆಯ ಕೇಪಿನ ಕೋವಿಯಲ್ಲ. "ಒಮ್ಮಿ ಒತ್ತಿದ್ರ ಒಂದು, ಮತ್ತ ಒತ್ತಿದ್ರ ಇನ್ನೊಂದು, ಅಂಥಾದ್ದು ಬೇಕ್ರಿ. ಹಂದಿ ಹಿಂಡ್ಲೇ ಬರ್ತಾವು. ಕೊಳ್ಳಾಕ ಆಗಲಿಲ್ಲಂದ್ರ ಮಾಡ್ಸಾಕ ಬರ್ತೈತ್ರಿ" ಎಂದನು. ಅವನ ತಂದೆ ಪಕ್ಕದಲ್ಲೇ ಕುಳಿತಿದ್ದರು, ಏನೂ ಹೇಳಲಿಲ್ಲ. ಆ ತಂದೆಯ ವಿಷಯ ಮುಂದೆ ಬರುತ್ತದೆ.

ಈ ಪ್ರಶ್ನೆ ಕೇಳುವವರು ನಮ್ಮ ಸಂಘದಲ್ಲಿಯೂ ಇದ್ದಾರೆಂದು ಕಾರ್ಯದರ್ಶಿಯಾಗಿ ನಮಗೆ ಗೊತ್ತು. ಆದುದರಿಂದ ಇಬ್ಬರಿಗೂ ಒಂದೇ ಉತ್ತರ ಬರೆಯುತ್ತೇವೆ.

ಹುಡುಗ ಕೇಳಿದ ಬಂದೂಕು ಯಾವುದು

ಬಂದೂಕುಗಳಲ್ಲಿ ಮುಖ್ಯವಾಗಿ ಎರಡು ಕುಲ. ನಳಿಗೆಯ ಒಳಮೈ ನುಣುಪಾಗಿದ್ದು ಚರೆ ಹಾರಿಸುವುದು ಒಂದು. ನಮ್ಮ ಕೇಪಿನ ಕೋವಿ, ತೋಟಾ ಕೋವಿ, ಜೋಡಿನಳಿಗೆ ಎಲ್ಲ ಈ ಕುಲದವು. ಒಳಮೈಯಲ್ಲಿ ಸುರುಳಿ ಗೀರುಗಳಿದ್ದು ಒಂದೇ ಗುಂಡನ್ನು ತಿರುಗಿಸುತ್ತ ದೂರಕ್ಕೆ ಕಳುಹಿಸುವುದು ಇನ್ನೊಂದು, ಅದೇ ರೈಫಲ್. ಹೊಡೆದ ತೋಟೆಯನ್ನು ಹೊರಹಾಕಿ ಹೊಸತನ್ನು ನಳಿಗೆಗೆ ತುಂಬುವ ಕೆಲಸವನ್ನು ಕೈಯಿಂದ ಮಾಡಬೇಕಾದುದು ಸಾಧಾರಣ ರೈಫಲ್. ಸಿಡಿದ ಮದ್ದಿನ ಅನಿಲದ ಒತ್ತಡದಿಂದಲೋ ಹಿನ್ನೂಕಿನಿಂದಲೋ ಆ ಕೆಲಸ ತಾನಾಗಿಯೇ ನಡೆದು, ಕುದುರೆ ಎಳೆದಷ್ಟು ಸಲ ಒಂದೊಂದು ಗುಂಡು ಹೋಗುವುದು ಸೆಮಿ-ಆಟೋಮ್ಯಾಟಿಕ್, ಅಂದರೆ ಅರೆ-ಸ್ವಯಂಚಾಲಿತ ರೈಫಲ್. ಸೈನ್ಯದಿಂದ ನಿವೃತ್ತರಾಗಿ ಬಂದವರು ಎಸ್.ಎಲ್.ಆರ್. ಎಂದು ಹೇಳುವುದನ್ನು ಕೇಳಿರಬಹುದು. 1962ರ ಚೀನಾ ಯುದ್ಧದ ನಂತರ ನಮ್ಮ ಪದಾತಿ ಪಡೆಗಳಲ್ಲಿ .303 ರೈಫಲಿನ ಜಾಗಕ್ಕೆ ಬಂದ, ಇಷಾಪುರದ ಕಾರ್ಖಾನೆಯಲ್ಲಿ ತಯಾರಾದ, ಇಪ್ಪತ್ತು ಗುಂಡಿನ ಪೆಟ್ಟಿಗೆಯ ಆ ರೈಫಲ್ ಇದೇ ಜಾತಿಯದು. ಯುದ್ಧಕ್ಕೆಂದು ಹುಟ್ಟಿದ ಕಲ್ಪನೆ ಇದು. ಎದುರಾಳಿಯೂ ಗುಂಡು ಹಾರಿಸುತ್ತಿರುವಾಗ ತುಂಬುವುದಕ್ಕೆ ಹೊತ್ತು ಕಳೆಯಬಾರದು ಎಂಬುದೇ ಅದರ ಗುಣ. ಹಂದಿ ಗುಂಡು ಹಾರಿಸುವುದಿಲ್ಲ.

ಕೊಳ್ಳಬಹುದೇ? ಆಯುಧ ನಿಯಮಗಳ ಪ್ರಕಾರ ಅರೆ-ಸ್ವಯಂಚಾಲಿತ ರೈಫಲ್ ಒಂದನೆಯ ವರ್ಗದಲ್ಲಿ ಬರುತ್ತದೆ. 7.62 ಮಿ.ಮೀ. ಮತ್ತು .303ರಂತಹ ಸೈನ್ಯದ ತೋಟೆ ಹಿಡಿಯುವ ರೈಫಲುಗಳೂ ಅದೇ ವರ್ಗ. ಈ ವರ್ಗಕ್ಕೆ ಜಿಲ್ಲಾಧಿಕಾರಿಗಳು ಪರವಾನಗಿ ಕೊಡುವಂತಿಲ್ಲ, ಅದು ಕೇಂದ್ರ ಗೃಹ ಮಂತ್ರಾಲಯದ ಕೈಯಲ್ಲಿದೆ. ಬೆಳೆ ಕಾಯಲು ರೈತನಿಗೆ ಅದು ಸಿಗುವ ವಸ್ತುವಲ್ಲ. ಅಮೆರಿಕದಲ್ಲಿ ಅಂಗಡಿಯಿಂದ ತರುತ್ತಾರೆ, ಬಿಡಿಭಾಗ ತರಿಸಿ ಮನೆಯಲ್ಲೇ ಜೋಡಿಸುತ್ತಾರೆ ಎಂದು ಹುಡುಗ ಮೊಬೈಲಿನಲ್ಲಿ ತೋರಿಸಿದ. ಆ ದೇಶದ ಕಾನೂನು ಬೇರೆ. ಅದರಿಂದ ಅವರಿಗೆ ಆಗುತ್ತಿರುವುದೇನೆಂದು ಅದೇ ಮೊಬೈಲಿನಲ್ಲಿ ವಾರಕ್ಕೊಮ್ಮೆ ಬರುತ್ತದೆ.

ಮಾಡಿಸಬಹುದೇ? ಇಲ್ಲ. ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದಕ್ಕೆ 2019ರ ತಿದ್ದುಪಡಿಯ ನಂತರ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೆ ಹೋಗಬಹುದಾದ ಸೆರೆವಾಸವಿದೆ. ನಿಷೇಧಿತ ವರ್ಗದ ಆಯುಧ ಇಟ್ಟುಕೊಂಡಿದ್ದಕ್ಕೇ ಏಳರಿಂದ ಹದಿನಾಲ್ಕು ವರ್ಷ. ಸಾಧಾರಣ ಕೋವಿಯನ್ನು ಪರವಾನಗಿಯಿಲ್ಲದೆ ಇಟ್ಟುಕೊಂಡರೂ ಎರಡರಿಂದ ಐದು ವರ್ಷ. ಅಜ್ಜನ ಕಾಲದ ಕೋವಿ, ಅಟ್ಟದ ಮೇಲೆ ಇದೆ, ಯಾರಿಗೂ ತೊಂದರೆಯಿಲ್ಲ ಎನ್ನುವ ಸದಸ್ಯರು ಈ ಸಾಲನ್ನು ಎರಡು ಸಲ ಓದಬೇಕಾಗಿ ವಿನಂತಿ.

ಕಾನೂನನ್ನು ಬದಿಗಿಟ್ಟರೂ ಲೇತ್ ಬಲ್ಲ ಹುಡುಗನಿಗೆ ಅರ್ಥವಾಗಬೇಕಾದ ಲೆಕ್ಕ ಒಂದಿದೆ. ಹನ್ನೆರಡು ಬೋರಿನ ತೋಟೆ ಸಿಡಿದಾಗ ನಳಿಗೆಯ ಬುಡದಲ್ಲಿ ಹುಟ್ಟುವ ಒತ್ತಡ ಚದರ ಅಂಗುಲಕ್ಕೆ ಸುಮಾರು 11,000 ಪೌಂಡು. .303 ರೈಫಲಿನಲ್ಲಿ ಅದು 50,000 ಪೌಂಡಿನ ಹತ್ತಿರ. ಇದನ್ನು ತಡೆಯುವ ಉಕ್ಕು ಯಾವುದು, ಅದಕ್ಕೆ ಕೊಟ್ಟ ಹದ ಎಷ್ಟು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ಪ್ರತಿ ನಳಿಗೆಯನ್ನೂ ಹೆಚ್ಚಿನ ಮದ್ದು ಹಾಕಿ ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಮನೆಯಲ್ಲಿ ಮಾಡಿದ್ದಕ್ಕೆ ಪರೀಕ್ಷೆ ನಡೆಯುವುದು ಮಾಡಿದವನ ಕೆನ್ನೆಯ ಪಕ್ಕದಲ್ಲಿ. ಕೊಳವೆಯಲ್ಲಿ ಕಾರ್ಬೈಡ್ ಹಾಕಿ ಮಂಗ ಓಡಿಸುವ ಆಟಿಕೆಯಂಥ ಕೋವಿಯೇ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಎಷ್ಟೋ ಮಕ್ಕಳ ಕಣ್ಣು ಸುಟ್ಟಿತು. ಅದನ್ನು ತೋಟಕ್ಕೆಂದು ತರುವವರು ನಮ್ಮಲ್ಲೂ ಇದ್ದಾರೆ.

ಇನ್ನೊಂದು ಮಾತು. ಭೀಮಾ ತೀರದ ಹೆಸರು ನಾಡ ಪಿಸ್ತೂಲುಗಳ ಕಾರಣದಿಂದ ಪತ್ರಿಕೆಗಳಲ್ಲಿ ಕೆಟ್ಟಿದೆ, ಸಿನಿಮಾಕ್ಕೂ ಹೋಗಿದೆ. ಇಂಡಿ, ಸಿಂದಗಿಯ ಸಾವಿರಾರು ಒಕ್ಕಲು ಮನೆತನಗಳಿಗೆ ಈ ಅಪಕೀರ್ತಿ ಸಲ್ಲದು. ನಾವು ಕಂಡವರು ಲಿಂಬೆಗೆ ನೀರು ಸಾಲದೆ ಟ್ಯಾಂಕರು ಹೊಡೆಸಿ ಗಿಡ ಉಳಿಸಿಕೊಂಡವರು. ಆದರೆ ಅಲ್ಲಿ ಹಂದಿಗೆಂದು ಮಾಡಿಸಿದ ಬಂದೂಕೂ ಪೊಲೀಸರ ಕಣ್ಣಿಗೆ ಹಂದಿಯ ಬಂದೂಕಾಗಿ ಕಾಣುವುದಿಲ್ಲ. ದಾಯಾದಿ ಜಗಳವಿರುವ ಮನೆಯಲ್ಲಿ ಅದು ಹಂದಿಯ ಬಂದೂಕಾಗಿಯೇ ಉಳಿಯುತ್ತದೆಂದು ಯಾರೂ ಹೇಳಲಾರರು.

ನಮ್ಮ ಕಡೆ ಮನೆಗೊಂದು ಕೋವಿ ಏಕೆ

ಇಂಡಿಯ ಹಿರಿಯರ ಮಾತು ಅರ್ಧ ಸರಿ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಪರವಾನಗಿಯಿಂದ ವಿನಾಯಿತಿ ಇದೆ. 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ವಿನಾಯಿತಿ ಅದು. ಸ್ವಾತಂತ್ರ್ಯಾನಂತರವೂ ಮುಂದುವರಿದು, 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಪಕ್ಕದ ಜಿಲ್ಲೆಗಳ ನಮಗೆ ಆ ವಿನಾಯಿತಿ ಇಲ್ಲ. ನಮ್ಮ ಮನೆಗಳಲ್ಲಿರುವವು ಬೆಳೆ ರಕ್ಷಣೆಯ ಪರವಾನಗಿಯ ಕೋವಿಗಳು.

ಕಬ್ಬನ್ ಕೊಡಗಿಗೆ ವಿನಾಯಿತಿ ಕೊಡುವುದಕ್ಕೆ ನಾಲ್ಕೇ ವರ್ಷ ಮೊದಲು, 1857ರಲ್ಲಿ, ಇದೇ ಹಳೆಯ ವಿಜಾಪುರ ಸೀಮೆಯ ಹಲಗಲಿಯಲ್ಲಿ ಆಯುಧ ಒಪ್ಪಿಸಲಾರೆವೆಂದ ಬೇಡರ ಮೇಲೆ ಬ್ರಿಟಿಷ್ ಪಡೆ ಬಿದ್ದು ಊರನ್ನು ಸುಟ್ಟಿತು. ಹಲಗಲಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. ಹಾಡುಗಳಲ್ಲಿ ಆ ಕಥೆ ಇಂದಿಗೂ ಉಳಿದಿದೆ. ಒಂದೇ ಸರ್ಕಾರ ಒಬ್ಬರಿಗೆ ಕೋವಿ ಬಿಟ್ಟುಕೊಟ್ಟದ್ದು, ಇನ್ನೊಬ್ಬರನ್ನು ಅದಕ್ಕಾಗಿ ಕೊಂದದ್ದು ಏಕೆಂಬುದು ಇತಿಹಾಸಕಾರರ ವಿಷಯ. ನಮ್ಮ ಮಟ್ಟಿಗೆ ಇಷ್ಟು: ಬಯಲುನಾಡಿನ ರೈತನ ಮನಸ್ಸಿನಲ್ಲಿ ಬಂದೂಕೆಂದರೆ ಬರೀ ಹಂದಿ ಓಡಿಸುವ ಸಾಧನವಲ್ಲ, ಅದಕ್ಕೊಂದು ಮಾನದ ಪ್ರಶ್ನೆಯೂ ಅಂಟಿಕೊಂಡಿದೆ. ಅದನ್ನು ಗೌರವಿಸಿಯೇ ಮುಂದಿನ ಮಾತು ಹೇಳುತ್ತೇವೆ.

ಪರವಾನಗಿಯ ದಾರಿ

1959ರ ಆಯುಧ ಕಾಯಿದೆಯ 13ನೆಯ ಪ್ರಕರಣದಲ್ಲಿ ರೈತನ ಪ್ರಸ್ತಾಪ ನೇರವಾಗಿಯೇ ಇದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಪರವಾನಗಿ ಕೊಡಬೇಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಇಪ್ಪತ್ತು ಅಂಗುಲಕ್ಕೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಕೋವಿಗೂ ಕೊಡಬಹುದು. ಗಮನಿಸಿ, ಬೆಳೆಯ ಹೆಸರಿನಲ್ಲಿ ಕಾನೂನು ನೆನೆಯುವುದು ಚರೆ ಕೋವಿಯನ್ನು ಮಾತ್ರ, ರೈಫಲನ್ನಲ್ಲ. ನಳಿಗೆ ಕತ್ತರಿಸಿ ಗಿಡ್ಡ ಮಾಡುವುದೂ ಅಪರಾಧವೇ.

ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಪಹಣಿ, ಗುರುತಿನ ಪತ್ರಗಳು, ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ, ದೈಹಿಕ ಮತ್ತು ಮಾನಸಿಕ ಆರೋಗ್ಯದ ವೈದ್ಯಕೀಯ ಪತ್ರ ಬೇಕು. ಪೊಲೀಸ್ ವರದಿ ಆಗಬೇಕು. ಇಡುವ ಜಾಗ ಭದ್ರವಾಗಿರಬೇಕು. 2019ರಿಂದ ಪರವಾನಗಿಯ ಅವಧಿ ಮೂರರ ಬದಲು ಐದು ವರ್ಷ, ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಮೂರರ ಬದಲು ಎರಡು. ಚುನಾವಣೆ ಬಂದಾಗ ಕೋವಿಯನ್ನು ಠಾಣೆಯಲ್ಲಿಡಲು ಸೂಚನೆ ಬರುತ್ತದೆ. ಅದು ಸರಿಯಾಗಿ ಹಂದಿ ಬರುವ ಕಾಲವೇ ಆಗಿರುತ್ತದೆ ಎಂಬ ನಮ್ಮವರ ದೂರಿನಲ್ಲಿ ಹುರುಳಿದೆ. ವಿನಾಯಿತಿ ಕೇಳುವವರು ಜಿಲ್ಲೆಯ ಪರಿಶೀಲನಾ ಸಮಿತಿಗೆ ಮೊದಲೇ ಅರ್ಜಿ ಕೊಡಬೇಕು, ಠಾಣೆಯಿಂದ ನೋಟೀಸು ಬಂದ ಮರುದಿನವಲ್ಲ.

ಏರ್‌ಗನ್ ಸಾಕೇ ಎಂದು ಬಾಗೇವಾಡಿಯಲ್ಲಿ ಒಬ್ಬರು ಕೇಳಿದರು. .177 ಬೋರಿನ, 20 ಜೌಲಿಗೆ ಮೀರದ ಏರ್‌ಗನ್ನಿಗೆ ಪರವಾನಗಿ ಬೇಡ, ನಿಜ. ಅದರಿಂದ ಹಂದಿ ಕದಲುವುದಿಲ್ಲ, ಮಂಗನ ಕಣ್ಣು ಮಾತ್ರ ಹೋಗುತ್ತದೆ.

ಪರವಾನಗಿ ಬಂದ ಮಾತ್ರಕ್ಕೆ ಕೊಲ್ಲುವ ಹಕ್ಕು ಬರಲಿಲ್ಲ ಎಂಬುದನ್ನು ನಮ್ಮಲ್ಲಿ ಮರೆಯುವವರೇ ಹೆಚ್ಚು. ಕೋವಿಯ ಕಾಯಿದೆ ಬೇರೆ, ಕಾಡುಪ್ರಾಣಿಯ ಕಾಯಿದೆ ಬೇರೆ. 1972ರ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದಾಗ ಅದನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದವರು ಕಾರಣ ಬರೆದು ಅನುಮತಿ ಕೊಡಬಹುದು. ಅನುಮತಿ ಇಲ್ಲದೆ ಹೊಡೆದರೆ ಬೇಟೆ. ಕೇರಳ ಸರ್ಕಾರ 2022ರಲ್ಲಿ ಈ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರವರೆಗೆ ಇಳಿಸಿತು. ಬಿಹಾರ, ಉತ್ತರಾಖಂಡಗಳಲ್ಲಿ ಕೆಲವು ಜಿಲ್ಲೆಗಳಿಗೆ 2015-16ರ ಸುಮಾರಿಗೆ ಹಂದಿಯನ್ನು ಕೆಲಕಾಲ ಪೀಡಕ ಪ್ರಾಣಿ ಎಂದು ಸಾರಿದ್ದುಂಟು. ಅಲ್ಲಿಯ ಸುದ್ದಿ ಓದಿ ಇಲ್ಲಿ ಕೋವಿ ಎತ್ತಬಾರದು. ಇನ್ನು ಚಿಗರಿ, ನವಿಲು ಒಂದನೆಯ ಅನುಸೂಚಿಯವು. ಅವುಗಳ ಬೇಟೆಗೆ ಮೂರರಿಂದ ಏಳು ವರ್ಷ ಸೆರೆ, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ.

ಗುಂಡಿನ ಹಿಂದೆ ಏನಿದೆ

ವಿಜಯಪುರದಲ್ಲಿ ನಮ್ಮ ಸದಸ್ಯರೆಲ್ಲ ಷೆರ್ಜಾ ಬುರುಜಿನ ಮೇಲೆ ಹತ್ತಿ ಮಲಿಕ್-ಎ-ಮೈದಾನ್ ತೋಪಿನ ಮುಂದೆ ಫೋಟೊ ತೆಗೆಸಿಕೊಂಡರು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, 55 ಟನ್ನಿನ ತೋಪು ಅದು. ಬತ್ತಿ ಹಚ್ಚಿದವನು ಸದ್ದಿನಿಂದ ಪಾರಾಗಲು ಪಕ್ಕದ ನೀರಿನ ತೊಟ್ಟಿಯಲ್ಲಿ ಮುಳುಗುತ್ತಿದ್ದನಂತೆ. ಮಾರ್ಗದರ್ಶಿ ಹೇಳಿದ ಈ ಕಥೆ ಎಷ್ಟು ನಿಜವೋ, ಬುರುಜಿನ ಮೇಲೆ ನಿಂತಾಗ ಕಂಡ ನೋಟ ಮಾತ್ರ ನಿಜ. ಕಣ್ಣು ಹಾಯುವವರೆಗೆ ತಡೆಯೇ ಇಲ್ಲದ ಬಯಲು. ತೋಪಿಗೆ ಮೈದಾನದ ಒಡೆಯ ಎಂಬ ಹೆಸರೇಕೆ ಬಂತೆಂದು ಅಲ್ಲಿ ನಿಂತರೆ ತಿಳಿಯುತ್ತದೆ.

ಮೊದಲ ಬಂದೂಕು ಆರಿಸುವವನು ಮೊದಲು ನೋಡಬೇಕಾದುದು ಬಂದೂಕಿನ ಅಂಗಡಿಯನ್ನಲ್ಲ, ತನ್ನ ನೆಲವನ್ನು. ನಮ್ಮ ಮಲೆನಾಡಿನಲ್ಲಿ ಗುರಿ ತಪ್ಪಿದ ಈಡನ್ನು ಎದುರಿನ ದರೆಯೋ ಗುಡ್ಡವೋ ನುಂಗುತ್ತದೆ, ಯಾವಾಗಲೂ ಅಲ್ಲ, ಬಹಳ ಸಲ. ಸಿಂದಗಿಯ ಎರಿ ಹೊಲದಲ್ಲಿ ನುಂಗುವವರು ಯಾರು? ಸಣ್ಣದೆನ್ನಿಸುವ .22 ರೈಫಲಿನ ಗುಂಡೂ ಒಂದೂವರೆ ಕಿಲೋಮೀಟರು ಹೋಗಬಲ್ಲದು. ದೊಡ್ಡ ರೈಫಲಿನದು ಅದಕ್ಕಿಂತ ಬಹುದೂರ. ಹೊಲದಾಚೆಗೆ ತೋಟದ ವಸತಿ, ಅದರಾಚೆಗೆ ಇನ್ನೊಂದು. ಚರೆ ಹರಡಿಕೊಂಡು ಬೇಗ ಕಸುವು ಕಳೆದುಕೊಳ್ಳುತ್ತದೆ. ದಪ್ಪ ಚರೆಯನ್ನು ಮಾತ್ರ ಅಷ್ಟು ಸುಲಭವಾಗಿ ನಂಬಬಾರದು.

ಮತ್ತು ರಾತ್ರಿ ಹೊಲದಲ್ಲಿ ಯಾರಿರುತ್ತಾರೆ? ಪಂಪಿಗೆ ತ್ರೀ-ಫೇಸ್ ವಿದ್ಯುತ್ತು ಎಷ್ಟೋ ಕಡೆ ರಾತ್ರಿ ಪಾಳಿಯಲ್ಲಿ ಬರುತ್ತದೆ, ಆಗ ನೀರು ಹಾಯಿಸಲು ಗಂಡಸರೂ ಹೆಂಗಸರೂ ಹೊಲದಲ್ಲೇ. ಕುರಿ ನಿಲ್ಲಿಸಿದವರು ಕಂಬಳಿ ಹೊದ್ದು ಹಿಂಡಿನ ನಡುವೆಯೇ ಮಲಗುತ್ತಾರೆ. ಕಬ್ಬು ಕಡಿಯುವ ಗ್ಯಾಂಗಿನವರು ಮಕ್ಕಳು ಮರಿಗಳೊಂದಿಗೆ ಗುಡಿಸಲು ಹಾಕಿರುತ್ತಾರೆ. ಕತ್ತಲೆಯಲ್ಲಿ ಬಗ್ಗಿ ಮಡೆ ತಿರುಗಿಸುವ ಮನುಷ್ಯನಿಗೂ ಬೆಳೆ ಮೇಯುವ ಹಂದಿಗೂ ಎತ್ತರದಲ್ಲಿ ಹೆಚ್ಚು ಅಂತರವಿಲ್ಲ.

ಇದನ್ನು ನಾವು ಓದಿ ತಿಳಿದದ್ದಲ್ಲ.

1996ರ ನವೆಂಬರ್. ಕೊಯ್ಲಿಗೆ ಬಂದ ಗದ್ದೆಗೆ ಐದು ರಾತ್ರಿಯಿಂದ ಹಂದಿ ಇಳಿಯುತ್ತಿದ್ದವು. ತಂದೆಯವರ ಹೆಸರಿನ ಪರವಾನಗಿಯ ಕೇಪಿನ ಕೋವಿ ಹಿಡಿದು ನಾವು ಅಟ್ಟಣೆಯಲ್ಲಿ ಕುಳಿತಿದ್ದೆವು. ವಯಸ್ಸು ಇಪ್ಪತ್ತಾರು, ಪದವಿ ಮುಗಿಸಿ ಊರಿಗೆ ಬಂದು ನಾಲ್ಕು ವರ್ಷ. ಬೆಳಗಿನ ಜಾವ ಗದ್ದೆಯ ಅಂಚಿನ ಬಾಳೆಯ ಬುಡದಲ್ಲಿ ಏನೋ ಅಲುಗಿತು. ಟಾರ್ಚು ಪಕ್ಕದಲ್ಲೇ ಇತ್ತು. ಬೆಳಕು ಬಿಟ್ಟರೆ ಹಂದಿ ಓಡುತ್ತದೆಂದು ಬಿಡಲಿಲ್ಲ. ಕುದುರೆ ಎಳೆದೆವು. ಕೂಗು ಕೇಳಿತು, ಅದು ಹಂದಿಯ ಕೂಗಲ್ಲ.

ಮುದ್ದೇಬಿಹಾಳದಿಂದ ಕಾಫಿ ಕೊಯ್ಲಿಗೆ ಬಂದು ನಮ್ಮ ಲೈನಿನಲ್ಲಿದ್ದ ಆಳು. ಬಹಿರ್ದೆಸೆಗೆ ಕುಳಿತಿದ್ದ. ಲೈನಿಗೆ ನಾವು ಕಕ್ಕಸು ಕಟ್ಟಿಸಿರಲಿಲ್ಲ. ತೊಡೆಗೆ ನಾಲ್ಕು ಚರೆ ಹೊಕ್ಕಿತ್ತು. ಜೀಪಿನಲ್ಲಿ ಪಟ್ಟಣದ ಆಸ್ಪತ್ರೆಗೆ ಸಾಗಿಸಿ, ಬೆಳಗಾದ ಮೇಲೆ ಠಾಣೆಗೆ ಹೋಗಿ ನಾವೇ ಹೇಳಿಕೆ ಬರೆಸಿದೆವು. ಪರವಾನಗಿ ತಂದೆಯವರದು, ಈಡು ನಮ್ಮದು, ಆದ್ದರಿಂದ ಇಬ್ಬರ ಮೇಲೂ ಪ್ರಕರಣ. ಅದು ಮೂರು ವರ್ಷ ನಡೆಯಿತು. ತಂದೆಯವರು ಅದುವರೆಗೆ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಕೋವಿ ಮರಳಿ ಮನೆಗೆ ಬರಲಿಲ್ಲ, ನಾವು ಕೇಳಲೂ ಇಲ್ಲ.

ಆ ಹೊತ್ತನ್ನು ಅನೇಕ ಸಲ ಲೆಕ್ಕ ಹಾಕಿದ್ದೇವೆ. ಕೂಗು ಕೇಳಿ ನಮ್ಮ ಬುದ್ಧಿಗೆ ಅರ್ಥವಾಗುವುದಕ್ಕೆ ಎರಡು ಮೂರು ಕ್ಷಣ ಹಿಡಿದಿತ್ತು. ಆ ಕ್ಷಣಗಳಲ್ಲಿ ಕೈಬೆರಳು ಕುದುರೆಯ ಮೇಲೇ ಇತ್ತು, ಮತ್ತೆ ಎಳೆಯಿತು ಕೂಡ. ಅದು ಚೆನ್ನಾಗಿ ನೆನಪಿದೆ. ಕೋವಿಯಲ್ಲಿ ಎರಡನೆಯ ಈಡು ಇರಲಿಲ್ಲ. ಮದ್ದು ಸುರಿದು, ನಾರು ಗಿಡಿದು, ಚರೆ ಹಾಕಿ, ಕೇಪು ಇಟ್ಟು ಮುಗಿಸಲು ಒಂದು ನಿಮಿಷ ಬೇಕಿತ್ತು. ಮುದ್ದೇಬಿಹಾಳದ ಹುಡುಗ ಯಾವುದನ್ನು ಆ ಬಂದೂಕಿನ ಹೆಚ್ಚುಗಾರಿಕೆ ಎಂದನೋ ಅದು ಅಂದು ನಮ್ಮ ಕೈಯಲ್ಲಿದ್ದಿದ್ದರೆ ಅವನು ಹುಟ್ಟುತ್ತಲೇ ಇರಲಿಲ್ಲ. ಹೌದು, ಅವನು ಆ ಆಳಿನ ಮಗ.

ಆದುದರಿಂದ ಕೋವಿ ಬೇಕೇ ಬೇಕು ಎನ್ನುವವರಿಗೆ ನಮ್ಮ ಅಭಿಪ್ರಾಯ ಇದು. ತನ್ನದೇ ಹೆಸರಿನ ಪರವಾನಗಿ. ಕಾರ್ಖಾನೆಯ ಮುದ್ರೆಯಿರುವ ಹನ್ನೆರಡು ಬೋರಿನ ಒಂಟಿನಳಿಗೆ, ಅಧಿಕೃತ ಅಂಗಡಿಯಿಂದ. ಜೋಡಿನಳಿಗೆಯೂ ಮೊದಲ ಕೋವಿಗೆ ಬೇಡವೆಂದೇ ಹೇಳುತ್ತೇವೆ, ಇದಕ್ಕೆ ಒಪ್ಪದವರು ಸಂಘದಲ್ಲಿ ಇದ್ದಾರೆ. ಬೆಳಕು ಬಿಟ್ಟು, ಪ್ರಾಣಿಯನ್ನು ಪೂರ್ತಿ ಕಂಡು, ಅದರ ಹಿಂದೆ ಏನಿದೆಯೆಂದು ಕಂಡ ಮೇಲೆ ಕುದುರೆಗೆ ಬೆರಳು. ಬೆಳಕಿಗೆ ಹಂದಿ ಓಡಿದರೆ ಓಡಲಿ, ಓಡಿಸುವುದಕ್ಕೇ ಅಲ್ಲವೇ ಕುಳಿತದ್ದು? ಕೋವಿ ಒಂದು ಬೀಗದಲ್ಲಿ, ತೋಟೆ ಇನ್ನೊಂದರಲ್ಲಿ. ಕುಡಿದವನ ಕೈಗೆ, ಮನೆಯಲ್ಲಿ ಮನಸ್ಸು ಕೆಟ್ಟು ಕುಳಿತವನ ಕೈಗೆ ಎರಡೂ ಬೀಗದ ಕೈ ಸಿಗಬಾರದು. ಮದುವೆ ಮೆರವಣಿಗೆಯಲ್ಲಿ ಹಾರಿಸುವುದಕ್ಕೆ ಈಗ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಇಲ್ಲವೆ ಎರಡೂ ಇದೆ. ಮನೆಯ ಯಜಮಾನರು ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಇಟ್ಟು ವಾರಸುದಾರರು ಹೊಸದಾಗಿ ಅರ್ಜಿ ಹಾಕಬೇಕು. ತಿಥಿ ಕಳೆಯಲಿ ಎಂದು ವರ್ಷಗಟ್ಟಲೆ ಮರೆತವರ ಮೂರು ಕಡತಗಳು ಸದ್ಯ ಸಂಘದ ಕಚೇರಿಯಲ್ಲಿ ನಮ್ಮ ಮೇಜಿನ ಮೇಲಿವೆ.

ಮುದ್ದೇಬಿಹಾಳದ ಮೂರು ಎಕರೆ

ಆ ತಂದೆಗೆ ಈಗ ಅರವತ್ತು ದಾಟಿದೆ. ಎಡಗಾಲು ಎಳೆದು ನಡೆಯುತ್ತಾರೆ. ವಿಳಾಸ ನಮ್ಮಲ್ಲಿತ್ತು, ಇಷ್ಟು ವರ್ಷ ಹೋಗಿರಲಿಲ್ಲ. ಪ್ರವಾಸದ ನೆಪದಲ್ಲಿ ಹೋದೆವು. ರೊಟ್ಟಿ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ ಊಟ ಆಯಿತು. ಮಗನ ಪ್ರಶ್ನೆಗೆ ನಾವು ಉತ್ತರ ಹೇಳಿ ಮುಗಿಸುವವರೆಗೆ ಅವರು ಮಾತನಾಡಲಿಲ್ಲ. ಅವರ ಕಾಲಿಗೆ ಚರೆ ಹೊಡೆದವರು ನಾವೇ ಎಂಬುದು ಮಗನಿಗೆ ಗೊತ್ತಿರಲಿಲ್ಲವೆಂದು ಆಗ ತಿಳಿಯಿತು. ಗಿಡದಿಂದ ಬಿದ್ದದ್ದೆಂದು ಹೇಳಿದ್ದರಂತೆ. ನಾವೇ ಹೇಳಿದೆವು. ಹುಡುಗ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ಬಂದು, "ಹಂಗಾರ ಹಂದಿಗೆ ಏನ್ ಮಾಡ್ಲಿ, ಹೇಳ್ರಿ" ಎಂದ. ಸಿಟ್ಟಿತ್ತು, ಪ್ರಶ್ನೆ ಸರಿಯಾಗಿತ್ತು.

ನೋಟುಪುಸ್ತಕ ತೆಗೆದು ಲೆಕ್ಕಕ್ಕೆ ಕುಳಿತೆವು. ಮೂರು ಎಕರೆ ಚೌಕ ಹೊಲವೆಂದರೆ ಬದಿ ಸುಮಾರು 110 ಮೀಟರು, ಸುತ್ತಳತೆ 440. ಸೋಲಾರ್ ಬೇಲಿಗೆ ಐದು ಎಳೆ ತಂತಿ ಎಂದರೆ 2,200 ಮೀಟರು, ನಾಲ್ಕು ಮೀಟರಿಗೊಂದರಂತೆ 110 ಕಂಬ. ಹಂದಿ ತೂರುವ ಪ್ರಾಣಿಯಾದ್ದರಿಂದ ಕೆಳಗಿನ ಎಳೆ ನೆಲದಿಂದ ಒಂದು ಗೇಣಿಗಿಂತ ಮೇಲಿರಬಾರದು, ಅದರ ಕೆಳಗೆ ಹುಲ್ಲು ಬೆಳೆಯಲು ಬಿಡಬಾರದು. ಹುಲ್ಲು ತಾಗಿದರೆ ಬೇಲಿ ಸತ್ತಂತೆ. ಮುದ್ರೆಯಿರುವ ಎನರ್ಜೈಸರ್ ಮಾತ್ರ. ಕಂಬದಿಂದ ನೇರ ಕರೆಂಟು ಬಿಡುವವರು ಬಂದೂಕಿಲ್ಲದೆಯೇ ನಾವು ಮಾಡಿದ ತಪ್ಪನ್ನು ಮಾಡುತ್ತಾರೆ, ಅದಕ್ಕೆ ಬಲಿಯಾದವರು ಚರೆ ತಗುಲಿದವನಂತೆ ಕೂಗುವುದೂ ಇಲ್ಲ. ಬೆಳೆ ಹೋದ ದಿನವೇ ಫೋಟೊ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರಕ್ಕೆ ಅರ್ಜಿ ಹಾಕಬೇಕು, ಸಿಗುವುದು ನಷ್ಟದಷ್ಟಲ್ಲ, ಆದರೂ.

ಕಂಬ, ತಂತಿಯ ಒಟ್ಟು ನೋಡಿ ಹುಡುಗ ತಲೆ ಅಲ್ಲಾಡಿಸಿದ. ಆಗ ತಂದೆ ಮೊದಲ ಸಲ ಬಾಯಿ ಬಿಟ್ಟರು. "ಬಾಜೂಕಿನ ಮೂರೂ ಹೊಲಾ ಮೂರು ಮೂರು ಎಕರೆನ ಅದಾವ್ರಿ" ಎಂದರು. ಕೂಡಿಸಿ ನೋಡಿದೆವು. ಹನ್ನೆರಡು ಎಕರೆಯ ಒಂದೇ ಚೌಕಕ್ಕೆ ಬದಿ 220, ಸುತ್ತಳತೆ 880 ಮೀಟರು. ನಾಲ್ವರೂ ಬೇರೆ ಬೇರೆ ಹಾಕಿದರೆ 1,760. ಒಟ್ಟಾದರೆ ಸರಿಯಾಗಿ ಅರ್ಧ, ಎನರ್ಜೈಸರ್ ನಾಲ್ಕರ ಬದಲು ಒಂದು. ಇಂಡಿಯ ಸಭೆಯಲ್ಲಿ ಮುಕ್ಕಾಲು ಗಂಟೆ ಹೇಳಿದ್ದು ಇಲ್ಲಿ ಎರಡು ಸಾಲಿನಲ್ಲಿ ಮುಗಿಯಿತು.

ಹುಡುಗ ಕಳೆದ ವಾರ ಫೋನು ಮಾಡಿದ್ದ. ಇಬ್ಬರು ಒಪ್ಪಿದ್ದಾರಂತೆ. ಮೂರನೆಯವರೊಂದಿಗೆ ಬದುವಿನ ವ್ಯಾಜ್ಯವಿದ್ದು ಹನ್ನೊಂದು ವರ್ಷದಿಂದ ಮಾತಿಲ್ಲ. ಅವರ ಹೊಲವೇ ಹಳ್ಳದ ಕಡೆಗಿದೆ, ಹಂದಿ ಬರುವುದೂ ಆ ಕಡೆಯಿಂದಲೇ. ತಂದೆಯವರು ತಾವೇ ಹೋಗಿ ಕೇಳುತ್ತೇನೆಂದು ಕೋಲು ಹಿಡಿದು ಹೊರಟಿದ್ದಾರಂತೆ, ಮಳೆಗಾಲದ ಬಿತ್ತನೆಗೆ ಮೊದಲು ಕಂಬ ನೆಡಬೇಕು.